ಏಳಿಮಲೆಯ ವೃತ್ತಾಂತ

ಬೆಟ್ಟಗಳ ದೊಡ್ಡಸ್ತಿಕೆಯನ್ನು ಅವುಗಳ ಎತ್ತರದಿಂದಲೇ ಅಳೆಯುವ ರೂಢಿ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಗೌರೀಶಂಕರ, ಕಾಂಚನಗಂಗಾ ಮುಂತಾದ ಶಿಖರಗಳ ಅಡಿಗಳ ಲೆಕ್ಕವನ್ನು ಮಕ್ಕಳು ಕಂಠಪಾಠ ಮಾಡುವರು. ಹತ್ತಿರದ ಕುದುರೆಮುಖ, ಆನೆಮುಡಿಗಳ ಹೆಸರು ಬಂದಾಗಲೂ ಕೇಳುವ ಪ್ರಶ್ನೆ ಅದೊಂದೇ, ಎಷ್ಟು ಎತ್ತರ? ಈ ಅಳತೆಗೋಲನ್ನು ಹಿಡಿದರೆ ನಾವು ಇಲ್ಲಿ ಹೇಳಹೊರಟಿರುವ ಬೆಟ್ಟವು ಪಟದಲ್ಲಿ ಒಂದು ಚುಕ್ಕಿಗೂ ಅರ್ಹವಲ್ಲ. ಅದರ ಎತ್ತರ 286 ಮೀಟರು ಮಾತ್ರ. ಆದರೂ ವೆನಿಸ್ಸಿನ ಮಾರ್ಕೊ ಪೋಲೊ, ಟ್ಯಾಂಜಿಯರಿನ ಇಬ್ನ್ ಬತೂತ, ಪೋರ್ತುಗಾಲದ ಬಾರ್ಬೋಸ ಇವರೆಲ್ಲರೂ ಅದರ ಹೆಸರನ್ನು ತಪ್ಪದೆ ಬರೆದಿಟ್ಟಿರುವರು. ಸಂಘಕಾಲದ ತಮಿಳು ಕವಿಗಳು ಅದನ್ನು ಹಾಡಿರುವರು. ಒಂದು ಸಂಸ್ಕೃತ ಮಹಾಕಾವ್ಯವೇ ಅದರ ಸುತ್ತ ಹುಟ್ಟಿದೆ. ಕಾಸರಗೋಡಿನ ನಮಗೆ ಅದು ದೂರದ್ದೂ ಅಲ್ಲ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಅದರ ಹೆಸರು ಗೊತ್ತು ಎಂದು ಕೇಳಿನೋಡಿದರೆ ದೊರೆಯುವ ಉತ್ತರ ಸಂತೋಷಕರವಾಗಿರಲಾರದು. ಅದೇ ಏಳಿಮಲೆ.

ಕಾಸರಗೋಡಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೊರಟವರು ಚಂದ್ರಗಿರಿ ಹೊಳೆಯನ್ನು ದಾಟಿ, ಹೊಸದುರ್ಗ, ನೀಲೇಶ್ವರ, ಚೆರುವತ್ತೂರುಗಳನ್ನು ಹಿಂದೆ ಬಿಟ್ಟು ಪಯ್ಯನ್ನೂರನ್ನು ತಲಪುವರು. ಇಂದಿನ ಕಣ್ಣೂರು ಜಿಲ್ಲೆ ಅಲ್ಲಿಗೆ ಆರಂಭವಾಗಿರುತ್ತದೆ. ಪಯ್ಯನ್ನೂರಿನ ನೈರುತ್ಯಕ್ಕೆ, ಸಮುದ್ರದ ಅಂಚಿನಲ್ಲಿ, ಗದ್ದೆ ತೆಂಗಿನ ತೋಟಗಳ ಸಮತಟ್ಟಾದ ನೆಲದ ನಡುವಿನಿಂದ ಒಮ್ಮೆಲೆ ಎದ್ದು ನಿಂತಿರುವ ಗುಡ್ಡಗಳ ಗುಂಪೇ ಏಳಿಮಲೆ. ಪಶ್ಚಿಮಕ್ಕೆ ಅರಬೀ ಸಮುದ್ರವು ಅದರ ಬುಡವನ್ನೇ ಬಡಿಯುತ್ತದೆ. ಉತ್ತರಕ್ಕೆ ಕವ್ವಾಯಿಯ ಹಿನ್ನೀರು. ಅದು ಸಮುದ್ರಕ್ಕೆ ಸಮಾನಾಂತರವಾಗಿ, ಮರಳಿನ ದಿಬ್ಬದ ಮರೆಯಲ್ಲಿ, ನೀಲೇಶ್ವರದ ಕಡೆಗೆ ಚಾಚಿಕೊಂಡಿದೆ. ದಕ್ಷಿಣಕ್ಕೆ ಪಾಲಕ್ಕೋಡಿನ ಅಳಿವೆ. ಪೂರ್ವದಲ್ಲಿ ಹೊಳೆ, ತೋಡು, ಉಪ್ಪುನೀರಿನ ಜವುಗುಗಳು. ಹೀಗೆ ನಾಲ್ಕು ಕಡೆಯಿಂದಲೂ ನೀರು ಸುತ್ತುವರಿದಿರುವುದರಿಂದ ಇದನ್ನು ದ್ವೀಪವೆಂದರೂ ಹೆಚ್ಚು ತಪ್ಪಾಗದು.

ಈ ಒಂಟಿತನವೇ ಬೆಟ್ಟದ ಮುಖ್ಯ ಲಕ್ಷಣ. ಮಂಗಳೂರಿನಿಂದ ಕಣ್ಣೂರಿನವರೆಗಿನ ನಮ್ಮ ಕರಾವಳಿಯ ರೂಪ ಹೇಗಿದೆ? ಮೊದಲು ಮರಳ ದಂಡೆ, ಅದರ ಹಿಂದೆ ಗದ್ದೆ ಬಯಲುಗಳು, ಆಮೇಲೆ ಮುರಕಲ್ಲಿನ ಪದವುಗಳು, ಅವುಗಳಾಚೆ ಬಹುದೂರದಲ್ಲಿ ಘಟ್ಟ. ವಿದ್ಯಾನಗರವು ಇರುವುದೇ ಅಂತಹ ಒಂದು ಪದವಿನ ಮೇಲೆ. ಮುರಕಲ್ಲಿನ ಗುಡ್ಡಗಳ ನೆತ್ತಿ ಮೇಜಿನಂತೆ ಚಪ್ಪಟೆ. ಏಳಿಮಲೆ ಹಾಗಿಲ್ಲ. ಅದರ ಒಡಲು ಭೂಗರ್ಭದ ಬೆಂಕಿಯ ದ್ರವವು ನೆಲದಡಿಯಲ್ಲೇ ನಿಧಾನವಾಗಿ ಆರಿ ಹೆಪ್ಪುಗಟ್ಟಿದ ಶಿಲೆ. ಭೂವಿಜ್ಞಾನಿಗಳು ಅಲ್ಲಿ ಗ್ಯಾಬ್ರೊ, ಗ್ರಾನೊಫೈರ್, ಗ್ರಾನೈಟುಗಳನ್ನು ಗುರುತಿಸಿ, ಈ ಶಿಲಾಸಮೂಹಕ್ಕೆ ಬೆಟ್ಟದ ಹೆಸರನ್ನೇ ಕೊಟ್ಟಿರುವರು. ಸುತ್ತಲಿನ ಮೆತ್ತನೆಯ ನೆಲವು ಮಳೆ ಗಾಳಿಗಳಿಗೆ ಸವೆದು ತಗ್ಗಾಯಿತು. ಗಟ್ಟಿಯಾದ ಈ ಗಡ್ಡೆ ಮಾತ್ರ ಉಳಿದು ನಿಂತಿತು. ಸಂಜೀವಿನೀಪರ್ವತವನ್ನು ಹೊತ್ತು ಹಾರುತ್ತಿದ್ದ ಹನುಮಂತನ ಕೈಯಿಂದ ಕಳಚಿಬಿದ್ದ ತುಂಡು ಇದೆಂದೂ, ಆದುದರಿಂದಲೇ ಇಲ್ಲಿ ಮದ್ದಿನ ಗಿಡಮೂಲಿಕೆಗಳು ಹೇರಳವೆಂದೂ ಊರವರು ಹೇಳುವರು. ಬಯಲಿನ ನಡುವೆ ಯಾರೋ ತಂದು ಇಟ್ಟಂತೆ ಇರುವ ಬೆಟ್ಟವನ್ನು ನೋಡಿದ ಜನಮನಸ್ಸಿಗೆ ಇಂತಹ ಕಥೆ ತೋರಿದುದು ಸಹಜವೇ. ಗಿಡಮೂಲಿಕೆಗಳ ಖ್ಯಾತಿಯಂತೂ ಹಳೆಯದು.

ಹಡಗಿನವರಿಗೆ ಈ ಬೆಟ್ಟ ಅಷ್ಟೊಂದು ಬೇಕಾದುದೇಕೆ? ಇದನ್ನು ಮಕ್ಕಳಿಗೆ ತಿಳಿಸಲು ಸ್ವಲ್ಪ ಗಣಿತ ಸಾಕು. ಭೂಮಿ ಗುಂಡಾಗಿರುವುದರಿಂದ ದೂರದ ವಸ್ತುವಿನ ಬುಡವು ನೀರಿನ ಉಬ್ಬಿನ ಹಿಂದೆ ಅಡಗುವುದಷ್ಟೆ. ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಸುಮಾರು 3.57ರಿಂದ ಗುಣಿಸಿದರೆ, ಆ ನೆತ್ತಿಯು ಕಡಲಮಟ್ಟದಿಂದ ಎಷ್ಟು ಕಿಲೋಮೀಟರು ದೂರಕ್ಕೆ ಕಂಡೀತೆಂಬ ಲೆಕ್ಕ ದೊರೆಯುತ್ತದೆ. 286ರ ವರ್ಗಮೂಲ ಹದಿನೇಳಕ್ಕೆ ಸ್ವಲ್ಪ ಕಡಿಮೆ. ಗುಣಲಬ್ಧ ಸುಮಾರು 60. ಕೂವೆಮರದ ಮೇಲೆ, ಹದಿನೈದು ಮೀಟರು ಎತ್ತರದಲ್ಲಿ ಕುಳಿತವನಿಗೆ ಇನ್ನೂ ಹದಿಮೂರು ಹದಿನಾಲ್ಕು ಕಿಲೋಮೀಟರು ಹೆಚ್ಚು. ಅಂದರೆ ತಿಳಿಯಾದ ಹವೆಯಲ್ಲಿ, ದಂಡೆಯ ತೆಂಗಿನ ಮರವೊಂದೂ ಕಾಣದಿರುವಾಗಲೇ, ಎಪ್ಪತ್ತು ಕಿಲೋಮೀಟರಿಗೂ ಆಚೆಯಿಂದ ಏಳಿಮಲೆಯ ತಲೆ ಕಾಣಬಹುದು. ಘಟ್ಟದ ಶಿಖರಗಳು ಇದಕ್ಕಿಂತ ಎಷ್ಟೋ ಪಾಲು ಎತ್ತರವಿದ್ದರೂ ಅವು ಒಳನಾಡಿನಲ್ಲಿವೆ. ಮಂಜು ಮೋಡಗಳ ಮುಸುಕಿನಲ್ಲಿ ಒಂದಕ್ಕೊಂದು ಬೆರೆತು ಗೋಡೆಯಂತೆ ತೋರುವುವು. ಗೋಡೆಯನ್ನು ನೋಡಿ ಯಾವ ಬಂದರಿನ ಎದುರಿಗೆ ಬಂದೆವೆಂದು ಹೇಳುವುದು ಹೇಗೆ? ಒಂಟಿ ಬೆಟ್ಟವಾದರೆ ತಪ್ಪುವ ಸಂಭವವಿಲ್ಲ.

ಇನ್ನೊಂದು ಅನುಕೂಲವೂ ಇದೆ. ಅರೇಬಿಯದ ಏಡನ್ ಬಂದರು ಉತ್ತರ ಅಕ್ಷಾಂಶ 12 ಡಿಗ್ರಿ 47 ಮಿನಿಟಿನಲ್ಲಿದೆ; ಏಳಿಮಲೆ 12 ಡಿಗ್ರಿಯ ಹತ್ತಿರ. ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಮೇಲಿದೆಯೆಂದು ಅಳೆದು, ಅದನ್ನು ಅದೇ ಎತ್ತರದಲ್ಲಿ ಇರಿಸಿಕೊಂಡು, ಮುಂಗಾರಿನ ಕೊನೆಯ ಗಾಳಿಯನ್ನು ಬೆನ್ನಿಗೆ ಪಡೆದು ಪೂರ್ವಕ್ಕೆ ಸಾಗಿದರೆ ಅರಬೀ ನಾವಿಕನು ಹೆಚ್ಚುಕಡಿಮೆ ಈ ಬೆಟ್ಟದ ಆಸುಪಾಸಿಗೇ ಬಂದು ಸೇರುತ್ತಿದ್ದನು. ಆಮೇಲೆ ಉತ್ತರಕ್ಕೆ ತಿರುಗಿದರೆ ಮಂಗಳೂರು, ಬಾರಕೂರು. ದಕ್ಷಿಣಕ್ಕೆ ತಿರುಗಿದರೆ ಕಲ್ಲಿಕೋಟೆ, ಕೊಲ್ಲಂ. ದಾರಿಹೋಕನಿಗೆ ಕವಲುದಾರಿಯ ಅಶ್ವತ್ಥಕಟ್ಟೆ ಹೇಗೋ ಹಾಗೆ.

ಇನ್ನು ಹೆಸರಿನ ವಿಚಾರ. ಇದು ಭಾಷೆಯನ್ನು ಕಲಿಸುವ ನಮಗೆ ಬಹಳ ರುಚಿಸುವ ಭಾಗವಾದುದರಿಂದ ಸ್ವಲ್ಪ ವಿಸ್ತರಿಸಿದರೆ ವಾಚಕರು ಬೇಸರಿಸಲಾರರೆಂದು ನಂಬುತ್ತೇವೆ. ಮಲೆಯಾಳದಲ್ಲಿ ಈ ಹೆಸರನ್ನು ಬರೆಯುವಾಗ ಬಳಸುವ ಅಕ್ಷರವು ನಮ್ಮ ಇಂದಿನ ಳಕಾರವಲ್ಲ. ಹಳಗನ್ನಡದಲ್ಲಿದ್ದು ಈಗ ಅಳಿದುಹೋಗಿರುವ ೞ, ಅಂದರೆ ರಳ. ‘ಏೞು’ ಎಂಬುದೇ ನಮ್ಮಲ್ಲಿ ‘ಏಳು’ ಆಯಿತು, ‘ಕೋೞಿ’ ಕೋಳಿಯಾಯಿತು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವಿರುವ ಶಬ್ದಗಳ ಪಟ್ಟಿಯನ್ನೇ ಕೊಡಬೇಕಾಯಿತೆಂದರೆ ಆಗಲೇ ಕನ್ನಡಿಗರ ನಾಲಗೆಯಲ್ಲಿ ಅದು ತಪ್ಪಲಾರಂಭಿಸಿತ್ತೆಂದು ತಿಳಿಯಬೇಕು. ನೆರೆಯ ಮಲೆಯಾಳದಲ್ಲಿ ಮಾತ್ರ ಅದು ಇಂದಿಗೂ ಜೀವಂತವಾಗಿದೆ. ಹಳಗನ್ನಡ ಪದ್ಯವನ್ನು ಓದಿಸುವಾಗ ಈ ಅಕ್ಷರದ ಉಚ್ಚಾರಣೆಯನ್ನು ಕಾಸರಗೋಡಿನ ಮಕ್ಕಳು ನೆರೆಮನೆಯವರಿಂದಲೇ ಕೇಳಿ ಕಲಿಯಬಹುದು! ಬೆಂಗಳೂರು ಧಾರವಾಡಗಳ ಮಕ್ಕಳಿಗೆ ಈ ಭಾಗ್ಯವಿಲ್ಲ.

ಹೀಗೆ ಏಳಿಮಲೆಯೆಂದರೆ ಏಳು ಬೆಟ್ಟ, ಸಂಸ್ಕೃತದಲ್ಲಿ ಸಪ್ತಶೈಲ. ಇದು ಒಂದು ಪಕ್ಷ. ಎರಡನೆಯ ಪಕ್ಷದವರ ಪ್ರಕಾರ ಅದು ‘ಎಲಿಮಲೆ’, ಇಲಿಗಳ ಬೆಟ್ಟ. ಮಲೆಯಾಳದಲ್ಲಿ ಇಲಿಗೆ ಎಲಿಯೆನ್ನುವರು; ತುಳುವಿನಲ್ಲಿಯೂ ಎಲಿಯೇ. ಕನ್ನಡದಲ್ಲಿ ಮಾತ್ರ, ಮುಂದಿನ ಇಕಾರದ ಸೆಳೆತಕ್ಕೆ ಸಿಕ್ಕಿ, ಮೊದಲಿನ ಎಕಾರವು ಇಕಾರವಾಗಿ ‘ಇಲಿ’ಯಾಯಿತು. ಇಲ್ಲಿ ಆಳಿದ ಅರಸರು ಸಂಸ್ಕೃತದಲ್ಲಿ ತಮ್ಮನ್ನು ಮೂಷಿಕರೆಂದು ಕರೆದುಕೊಂಡಿರುವುದು ಈ ಪಕ್ಷಕ್ಕೆ ಬಲವಾದ ಆಧಾರ. ಮಾರ್ಕೊ ಪೋಲೊ ಬರೆದುದು ಎಲಿ ಎಂದು. ಇಬ್ನ್ ಬತೂತನಲ್ಲಿ ಅದು ಹೀಲಿ. ಪೋರ್ತುಗೀಜರು ‘ಎಲಿಯ ಬೆಟ್ಟ’ ಎಂಬ ಅರ್ಥದಲ್ಲಿ ಮೋಂತೆ ದ ಎಲಿ ಎಂದರು. ಆ ‘ದ’ ಎಂಬ ವಿಭಕ್ತಿಸೂಚಕವು ಹೆಸರಿಗೇ ಅಂಟಿಕೊಂಡು ಇಂಗ್ಲಿಷರ ಬಾಯಲ್ಲಿ ಮೌಂಟ್ ಡೆಲ್ಲಿ ಆಯಿತು. ಹಳೆಯ ಇಂಗ್ಲಿಷ್ ಭೂಪಟದಲ್ಲಿ ಅದನ್ನು ನೋಡಿದವನು ದಿಲ್ಲಿ ಪಟ್ಟಣಕ್ಕೂ ಕಣ್ಣೂರಿನ ಕಡಲತೀರಕ್ಕೂ ಏನು ಸಂಬಂಧವೆಂದು ತಲೆ ಕೆರೆದುಕೊಳ್ಳುವುದು ಖಂಡಿತ.

ಏಳೋ ಎಲಿಯೋ? ಅರಬರಿಗೂ ಯುರೋಪಿಯನರಿಗೂ ೞಕಾರವು ನಾಲಗೆಗೆ ಹೊರಳದುದರಿಂದ ಅವರು ಅದನ್ನು ಲಕಾರ ಮಾಡಿಕೊಂಡರು, ಅದರಿಂದ ಇಲಿ ಹುಟ್ಟಿತು ಎಂದು ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಮೂಷಿಕ ಎಂದು ಬರೆದವನು ಪರದೇಶಿಯಲ್ಲ, ಅರಮನೆಯ ಕವಿ. ಇತ್ತ ಅವನಿಗಿಂತ ಎಷ್ಟೋ ಶತಮಾನ ಹಿಂದಿನ ತಮಿಳು ಕವಿತೆಗಳಲ್ಲಿ ದೊರೆಯುವ ರೂಪ ‘ಏೞಿಲ್’ ಎಂಬುದು. ಅಲ್ಲಿ ೞಕಾರ ಸ್ಪಷ್ಟವಾಗಿದೆ. ಆದುದರಿಂದ ಬೆಟ್ಟದ ಹೆಸರಿನಲ್ಲಿ ೞಕಾರವೇ ಹಳೆಯದೆಂದೂ, ಸಂಸ್ಕೃತ ಪಂಡಿತರು ಅದನ್ನು ಎಲಿಯೆಂದು ಬಗೆದು ಪುರಾಣಪ್ರಸಿದ್ಧವಾದ ಮೂಷಿಕರ ಹೆಸರಿಗೆ ಹೊಂದಿಸಿಕೊಂಡರೆಂದೂ ನಾವು ತಿಳಿಯುತ್ತೇವೆ. ಹೆಸರಿನಿಂದ ಕಥೆ ಹುಟ್ಟುವುದು ನಮ್ಮ ಸ್ಥಳಪುರಾಣಗಳಲ್ಲಿ ಹೊಸತೇನೂ ಅಲ್ಲವಷ್ಟೆ.

ಆ ತಮಿಳು ಕವಿತೆಗಳು ಕ್ರಿಸ್ತಶಕದ ಮೊದಲ ಕೆಲವು ಶತಮಾನಗಳವು. ತುಳುನಾಡಿನ ಹೆಸರನ್ನೂ ನಾವು ಕಾಣುವುದು ಅದೇ ಸಂಘಸಾಹಿತ್ಯದಲ್ಲಿ. ಏೞಿಲ್ ಬೆಟ್ಟದ ಒಡೆಯನಾಗಿ ಅಲ್ಲಿ ಬರುವವನು ನನ್ನನೆಂಬ ಅರಸ. ಪಾೞಿ ಎಂಬುದು ಅವನ ಕೋಟೆ. ಅಲ್ಲಿಯ ಭಂಡಾರ ಗಾದೆಯ ಮಾತಾಗಿತ್ತು. ಪಾೞಿಯ ಕಾಳಗದಲ್ಲಿ ನನ್ನನ ದಳಪತಿ ಮಿಂಙಿಲಿ ಎಂಬವನು ಚೇರರ ಕಡೆಯ ಆಯ್ ಎಯಿನನನ್ನು ಕೊಂದನು. ಮುಂದೆ ವಾಕೈಪ್ಪೆರುಂತುರೈ ಎಂಬಲ್ಲಿ ನಾರ್ಮುಡಿಚ್ಚೇರಲನು ನನ್ನನನ್ನು ಕೊಂದು ಹಗೆ ತೀರಿಸಿಕೊಂಡನು. ನಾರಿನ ಕಿರೀಟ ತೊಟ್ಟ ಚೇರನೆಂದು ಆ ಗೆದ್ದವನ ಹೆಸರಿನ ಅರ್ಥ.

ನನ್ನನ ಹೆಸರು ಉಳಿದುದು ಗೆಲುವಿನಿಂದಲೂ ಅಲ್ಲ, ಸೋಲಿನಿಂದಲೂ ಅಲ್ಲ, ಒಂದು ಮಾವಿನಕಾಯಿಯಿಂದ. ಅವನ ತೋಟದ ಕಾವಲುಮರದ ಕಾಯೊಂದು ಹೊಳೆಯಲ್ಲಿ ತೇಲಿಬಂದಿತು. ಮೀಯಲು ಹೋಗಿದ್ದ ಒಬ್ಬ ಹುಡುಗಿ ಅದನ್ನೆತ್ತಿ ತಿಂದಳು. ಅರಸನು ಅವಳಿಗೆ ಮರಣದಂಡನೆ ವಿಧಿಸಿದನು. ತಪ್ಪಿಗೆ ಬದಲಾಗಿ ಎಂಬತ್ತೊಂದು ಆನೆಗಳನ್ನೂ, ಹುಡುಗಿಯ ತೂಕದ ಚಿನ್ನದ ಬೊಂಬೆಯನ್ನೂ ಕೊಡುತ್ತೇವೆಂದರೂ ಅವನು ಒಪ್ಪಲಿಲ್ಲ. ಪರಣರ್ ಎಂಬ ಕವಿ ಕುಱುಂತೊಗೈ ಸಂಗ್ರಹದಲ್ಲಿ ಸೇರಿರುವ ತನ್ನ ಒಂದು ಪುಟ್ಟ ಪದ್ಯದಲ್ಲಿ ಇದನ್ನು ಹೇಳಿ, ನನ್ನನು ಹೆಣ್ಣುಕೊಲೆಯ ಪಾಪಕ್ಕೆ ನರಕಕ್ಕೆ ಹೋದನೆಂದು ಸೂಚಿಸುತ್ತಾನೆ. ಪದ್ಯದ ಉದ್ದೇಶ ಬೇರೆಯೇ. ಅದೊಂದು ಪ್ರೇಮಕವಿತೆ, ಮಗಳನ್ನು ಕಾವಲು ಕಾಯುವ ತಾಯಿಯನ್ನು ಶಪಿಸುವುದಕ್ಕಾಗಿ ಮಾತ್ರ ಈ ಕಥೆಯನ್ನು ತರಲಾಗಿದೆ. ಭಂಡಾರ ತುಂಬಿದ ಅರಸನೊಬ್ಬನು ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ಬೈಗುಳದ ಹೋಲಿಕೆಯಾಗಿ ಬದುಕಿಕೊಂಡಿರುವನೆಂಬುದನ್ನು ಇತಿಹಾಸದ ಪಾಠದಲ್ಲಿ ಹೇಳಿದರೆ ಮಕ್ಕಳು ಮರೆಯರು.

ನನ್ನನ ಅನಂತರ ಕೆಲವು ಶತಮಾನಗಳ ಕಾಲ ಬೆಟ್ಟದ ಮಾತು ಕೇಳಿಬರುವುದಿಲ್ಲ. 11ನೆಯ ಶತಮಾನದಲ್ಲಿ ಅತುಲನೆಂಬ ಆಸ್ಥಾನಕವಿ ‘ಮೂಷಿಕವಂಶ’ವೆಂಬ ಹದಿನೈದು ಸರ್ಗಗಳ ಸಂಸ್ಕೃತ ಕಾವ್ಯವನ್ನು ಬರೆದನು. ಅರಸುಮನೆತನವೊಂದರ ವೃತ್ತಾಂತವನ್ನು ತಲೆಮಾರಿನಿಂದ ತಲೆಮಾರಿಗೆ ಹೇಳುವ ಕಾವ್ಯಗಳು ನಮ್ಮ ದೇಶದಲ್ಲಿ ವಿರಳ. ಕಾಶ್ಮೀರದ ಕಲ್ಹಣನ ರಾಜತರಂಗಿಣಿಯನ್ನು ಎಲ್ಲರೂ ಹೆಸರಿಸುವರು. ಅತುಲನು ಕಲ್ಹಣನಿಗಿಂತ ಹಿಂದಿನವನು. ಅವನ ಕಾವ್ಯದ ಮೊದಲ ಭಾಗ ಪುರಾಣ. ಪರಶುರಾಮನು ಕ್ಷತ್ರಿಯರನ್ನು ಸಂಹರಿಸುತ್ತಿರುವಾಗ ಗರ್ಭಿಣಿಯಾದ ಒಬ್ಬ ರಾಣಿ ತಪ್ಪಿಸಿಕೊಂಡು ಬಂದು ಈ ಬೆಟ್ಟದ ಗುಹೆಯಲ್ಲಿ ಅಡಗಿದಳು. ಆನೆಯಷ್ಟು ದೊಡ್ಡ ಇಲಿಯೊಂದು ಅವಳ ಮೇಲೆ ಬಂದಿತು. ಅವಳ ಕಣ್ಣಿನ ಬೆಂಕಿಗೆ ಅದು ಸುಟ್ಟು ಬೂದಿಯಾಗಿ, ಶಾಪ ಕಳೆದು, ಪರ್ವತರಾಜನ ನಿಜರೂಪವನ್ನು ತಳೆಯಿತು. ಅಲ್ಲಿ ಹುಟ್ಟಿದ ಮಗನಿಗೆ ಮುಂದೆ ಪರಶುರಾಮನೇ ಘಟಗಳಲ್ಲಿ ನೀರು ತುಂಬಿ ಪಟ್ಟಾಭಿಷೇಕ ಮಾಡಿದುದರಿಂದ ರಾಮಘಟನೆಂಬ ಹೆಸರು ಬಂದಿತು. ಕ್ಷತ್ರಿಯರನ್ನು ಕೊಲ್ಲಹೊರಟವನ ಕೈಯಿಂದಲೇ ಕ್ಷತ್ರಿಯಕುಮಾರನಿಗೆ ಅಭಿಷೇಕ ಮಾಡಿಸಿದ ಕವಿಯ ಜಾಣ್ಮೆ ಮೆಚ್ಚತಕ್ಕದ್ದು. ಪರಶುರಾಮಸೃಷ್ಟಿಯೆಂದು ಹೇಳಿಕೊಳ್ಳುವ ನಾಡಿನಲ್ಲಿ ಅರಸನಾಗಬೇಕಾದವನಿಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಯಾವುದು? ಕಾವ್ಯದ ಕೊನೆಯ ಸರ್ಗಗಳು ಮಾತ್ರ ಇತಿಹಾಸಕ್ಕೆ ಹತ್ತಿರವಾದುವು. ಅಲ್ಲಿ ವಲಭನೆಂಬ ಅರಸನು ಮಾರಾಹಿ ಎಂಬ ಬಂದರನ್ನೂ ವಲಭಪಟ್ಟಣವನ್ನೂ ಕಟ್ಟಿಸಿದ ವಿಷಯವಿದೆ. ಇವು ಈಗಿನ ಮಾಡಾಯಿ, ವಳಪಟ್ಟಣಂಗಳು. ಮೂಷಿಕರ ವಂಶವೇ ಮುಂದೆ ಕೋಲತ್ತಿರಿಗಳೆಂದು ಪ್ರಸಿದ್ಧವಾಯಿತು.

13ನೆಯ ಶತಮಾನದ ಕೊನೆಯಲ್ಲಿ ಚೀನದಿಂದ ಊರಿಗೆ ಮರಳುತ್ತ ಈ ಕಡಲಲ್ಲಿ ಹಾದುಹೋದ ಮಾರ್ಕೊ ಪೋಲೊ ‘ಎಲಿ’ ರಾಜ್ಯದ ಬಗೆಗೆ ಕೊಡುವ ವಿವರಗಳು ಭೂಗೋಳದ ಪಾಠದಂತಿವೆ. ಇಲ್ಲಿ ಒಳ್ಳೆಯ ಬಂದರಿಲ್ಲ, ಆದರೆ ಆಳವಾದ ಅಳಿವೆಗಳುಳ್ಳ ಹೊಳೆಗಳಿವೆ. ಮೆಣಸು ಶುಂಠಿಗಳು ಹೇರಳ. ಚೀನದ ಹಡಗುಗಳು ಬಂದರೆ ನಾಲ್ಕರಿಂದ ಎಂಟು ದಿನಗಳೊಳಗೆ ಸರಕು ತುಂಬಿಕೊಂಡು ಅವಸರದಿಂದ ಹೊರಡುವುವು, ಏಕೆಂದರೆ ತೀರವೆಲ್ಲ ಮರಳು, ನಿಲ್ಲುವುದು ಅಪಾಯಕರ ಎಂಬುದು ಅವನ ಮಾತಿನ ಸಾರ. ಇನ್ನೊಂದು ವಿಚಿತ್ರ ಪದ್ಧತಿಯನ್ನೂ ಹೇಳುತ್ತಾನೆ. ಬೇರೆ ಊರಿಗೆ ಹೊರಟ ಹಡಗು ದಾರಿ ತಪ್ಪಿ ಇಲ್ಲಿಯ ಅಳಿವೆಗೆ ಬಂದರೆ, ದೇವರೇ ನಿನ್ನನ್ನು ನಮಗೆ ಕಳುಹಿಸಿದನೆಂದು ಹೇಳಿ ಅದರ ಸರಕನ್ನೆಲ್ಲ ವಶಪಡಿಸಿಕೊಳ್ಳುತ್ತಿದ್ದರಂತೆ. ಇಲ್ಲಿಗೆಂದೇ ಬಂದ ಹಡಗಿಗೆ ಮಾತ್ರ ಸಕಲ ಮರ್ಯಾದೆ. ಬೆಟ್ಟವನ್ನು ಸರಿಯಾಗಿ ಗುರುತಿಸುವುದು ತಾಂಡೇಲನಿಗೆ ಪ್ರಾಣದಷ್ಟೇ ಮುಖ್ಯವಾಗಿತ್ತೆಂಬುದು ಇದರಿಂದಲೂ ವ್ಯಕ್ತ.

ಸುಮಾರು 1342ರಲ್ಲಿ ಇಬ್ನ್ ಬತೂತನು ಉತ್ತರದಿಂದ ಬಂದನು. ಬಾರಕೂರು, ಮಂಗಳೂರುಗಳನ್ನು ನೋಡಿಕೊಂಡು, ಮಂಗಳೂರಿನಿಂದ ಹೊರಟು ಎರಡು ದಿನಗಳಲ್ಲಿ ಹೀಲಿಯನ್ನು ಸೇರಿದನು. ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕಡಲನ್ನು ಅವನ ಹಡಗು ಆ ಎರಡು ದಿನಗಳಲ್ಲಿ ದಾಟಿರಲೇಬೇಕು. ಹೀಲಿ ದೊಡ್ಡದಾದ, ಚೆನ್ನಾಗಿ ಕಟ್ಟಿದ ಪಟ್ಟಣವೆಂದೂ, ಚೀನದ ಹಡಗುಗಳು ಬರುವುದು ಕೊಲ್ಲಂ, ಕಲ್ಲಿಕೋಟೆ, ಹೀಲಿ ಈ ಮೂರಕ್ಕೆ ಮಾತ್ರವೆಂದೂ ಅವನು ಬರೆದಿರುವನು. ಅಲ್ಲಿಯ ಮಸೀದಿಯನ್ನು ಮುಸಲ್ಮಾನರಷ್ಟೇ ಅಲ್ಲದೆ ಇತರರೂ ಗೌರವಿಸುತ್ತಿದ್ದರು. ಕಡಲಲ್ಲಿ ಕಷ್ಟ ಬಂದವರು ಅದಕ್ಕೆ ಹರಕೆ ಹೊರುತ್ತಿದ್ದರು. ಹರಕೆಯ ಹಣದಿಂದ ಅಲ್ಲಿ ಓದುವ ವಿದ್ಯಾರ್ಥಿಗಳಿಗೆ ವೇತನವೂ, ದಾರಿಗರಿಗೆ ಊಟವೂ ನಡೆಯುತ್ತಿದ್ದಿತು. ವಿದ್ಯಾರ್ಥಿವೇತನದ ಇತಿಹಾಸವನ್ನು ಬರೆಯುವವರು ಇದನ್ನು ಗಮನಿಸಬೇಕು! ಮಾಲಿಕ್ ದೀನಾರರ ಕಾಲದಲ್ಲಿ ಸ್ಥಾಪಿತವಾದುವೆಂದು ಹೇಳಲಾಗುವ ಮಸೀದಿಗಳ ಪಟ್ಟಿಯನ್ನು 16ನೆಯ ಶತಮಾನದ ಶೇಖ್ ಜೈನುದ್ದೀನನು ಕೊಟ್ಟಿರುವನು. ಅದರಲ್ಲಿ ಬಾರಕೂರು, ಮಂಗಳೂರು, ಕಾಸರಗೋಡುಗಳ ಜೊತೆಯಲ್ಲೇ ಹೀಲಿ ಮಾರಾವಿಯ ಹೆಸರೂ ಇದೆ. ಕರಾವಳಿಯು ಹಡಗಿನವನಿಗೆ ಒಂದೇ ದಾರವಾಗಿತ್ತು. ಭಾಷೆಯ ಗಡಿಗಳು ದಂಡೆಯ ಮೇಲಿದ್ದುವೇ ಹೊರತು ನೀರಿನಲ್ಲಿ ಇರಲಿಲ್ಲ.

1498ರ ಮೇ 18ರಂದು ವಾಸ್ಕೊ ದ ಗಾಮನ ಹಡಗಿನವರಿಗೆ ಮೊತ್ತಮೊದಲು ಕಂಡ ಭಾರತದ ಎತ್ತರದ ನೆಲವು ಏಳಿಮಲೆಯೇ ಎಂದು ಅನೇಕರು ಹೇಳುವರು. ಎರಡು ದಿನಗಳ ಅನಂತರ ಅವನು ಕಲ್ಲಿಕೋಟೆಯ ಎದುರಿಗೆ ಲಂಗರು ಹಾಕಿದನು. ಇಷ್ಟನ್ನು ಪಾಠಪುಸ್ತಕಗಳೂ ಒಮ್ಮೊಮ್ಮೆ ಹೇಳುತ್ತವೆ. ಆದರೆ 1502ರಲ್ಲಿ ಅವನು ಎರಡನೆಯ ಬಾರಿ ಬಂದಾಗ ಇದೇ ಬೆಟ್ಟದ ಎದುರಿನ ಕಡಲಲ್ಲಿ ನಡೆದುದನ್ನು ಹೇಳುವುದಿಲ್ಲ. ಕೆಂಪು ಸಮುದ್ರದಿಂದ ಬರುವ ಹಡಗುಗಳು ಬೆಟ್ಟವನ್ನು ಗುರುತಿಗಾಗಿ ಹುಡುಕಿಕೊಂಡು ಬರುವುವೆಂಬುದನ್ನು ಪೋರ್ತುಗೀಜರು ಅಷ್ಟರಲ್ಲಿ ಅರಿತಿದ್ದರು. ಆದುದರಿಂದ ಅಲ್ಲಿಯೇ ಹೊಂಚುಹಾಕಿ ನಿಂತರು. ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದವರನ್ನು ಹೊತ್ತ ‘ಮೀರಿ’ ಎಂಬ ಹಡಗು ಅವರ ಕೈಗೆ ಸಿಕ್ಕಿತು. ಹೆಂಗಸರೂ ಮಕ್ಕಳೂ ಸೇರಿ ಅದರಲ್ಲಿ ನೂರಾರು ಮಂದಿ ಇದ್ದರು. ಸೊತ್ತನ್ನೆಲ್ಲ ಕಿತ್ತುಕೊಂಡ ಮೇಲೂ ಗಾಮನು ಹಡಗಿಗೆ ಬೆಂಕಿಯಿಡಿಸಿದನು. ತಾಯಂದಿರು ಮಕ್ಕಳನ್ನು ಮೇಲೆತ್ತಿ ತೋರಿಸಿ ಕರುಣೆ ಬೇಡಿದುದನ್ನು ಅವನ ಪಡೆಯಲ್ಲಿದ್ದ ತೋಮೆ ಲೋಪಿಸನೇ ಬರೆದಿಟ್ಟಿರುವನು. ಕೆಲವು ಮಕ್ಕಳನ್ನು ಮಾತ್ರ, ಮತಾಂತರಿಸುವುದಕ್ಕಾಗಿ, ಉಳಿಸಿಕೊಂಡರು. ಶತಮಾನಗಳಿಂದ ದಡ ಹತ್ತಿರ ಬಂತೆಂಬ ಧೈರ್ಯವನ್ನು ಕೊಡುತ್ತಿದ್ದ ಬೆಟ್ಟವು ಆ ದಿನ ಬೇಟೆಗಾರನ ಮರೆಯಾಯಿತು. ಗಾಮನನ್ನು ಸಾಹಸಿ ನಾವಿಕನೆಂದಷ್ಟೇ ಕಲಿಸಿ ಈ ಭಾಗವನ್ನು ಬಿಡುವುದು ಮಕ್ಕಳಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

1505ರಲ್ಲಿ ಕಣ್ಣೂರಿನಲ್ಲಿ ಸಂತ ಆಂಜೆಲೊ ಕೋಟೆ ಎದ್ದಿತು. ವ್ಯಾಪಾರ ಅತ್ತ ಸರಿಯಿತು. 1516ರ ಹೊತ್ತಿಗೆ ಬರೆದ ದುವಾರ್ತೆ ಬಾರ್ಬೋಸನಿಗೆ ಏಳಿಮಲೆಯೆಂದರೆ ಮುಖ್ಯವಾಗಿ ನಾವಿಕರ ಗುರುತು. ತಗ್ಗುನೆಲದ ನಡುವಿನ ದುಂಡನೆಯ ಎತ್ತರದ ಬೆಟ್ಟ, ಹಡಗಿನವರೆಲ್ಲ ಅದನ್ನು ನೋಡಿ ಲೆಕ್ಕ ಹಾಕುವರು, ಬುಡದಲ್ಲಿ ಒಳ್ಳೆಯ ನೀರೂ ಸೌದೆಯೂ ದೊರೆಯುವುವು ಎನ್ನುತ್ತಾನೆ. ಪಟ್ಟಣದ ವೈಭವ ಕರಗಿತ್ತು. ಬೆಟ್ಟದ ಬಳಿಯ ಕಚ್ಚಿಲ್‌ಪಟ್ಟಣದ ವರ್ತಕನೊಬ್ಬನ ಕಥೆಯುಳ್ಳ ‘ಪಯ್ಯನ್ನೂರ್ ಪಾಟ್ಟು’ ಎಂಬ ಹಳೆಯ ಮಲೆಯಾಳ ಹಾಡುಗಬ್ಬವೊಂದು ಆ ಗತಕಾಲವನ್ನು ಸ್ವಲ್ಪ ನೆನಪಿಸುತ್ತದೆ. ಅದರ ಹಸ್ತಪ್ರತಿಯನ್ನು ಸಂಗ್ರಹಿಸಿದವರು ಬಾಸೆಲ್ ಮಿಶನ್ನಿನ ಹರ್ಮನ್ ಗುಂಡರ್ಟರು. ಅದು ಜರ್ಮನಿಯ ಟ್ಯೂಬಿಂಗನ್ನಿಗೆ ಹೋಗಿ ಸೇರಿತು. ಕನ್ನಡ ನಿಘಂಟುಕಾರ ಕಿಟೆಲರು 1903ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ.

ಕನ್ನಡಿಗರು ಈ ಬೆಟ್ಟದ ನೆರೆಗೆ ಬಂದುದು ದಂಡಿನೊಡನೆ. ಬೇಕಲದ ಕೋಟೆಯನ್ನು 1650ರ ಸುಮಾರಿಗೆ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕನೆಂದೂ, ಹೊಸದುರ್ಗದ ಕೋಟೆ ಸೋಮಶೇಖರ ನಾಯಕನದೆಂದೂ ನಾವು ಹೆಮ್ಮೆಯಿಂದ ಕಲಿಸುತ್ತೇವೆ. 1730ರ ದಶಕದಲ್ಲಿ ಕೆಳದಿಯ ಸೈನ್ಯವು ನೀಲೇಶ್ವರವನ್ನೂ ಮೀರಿ ಕೋಲತ್ತುನಾಡಿನೊಳಕ್ಕೆ ನುಗ್ಗಿತು. ಆ ಕಾಲದ ತಲಶ್ಶೇರಿಯ ಇಂಗ್ಲಿಷ್ ವರ್ತಕರ ದಾಖಲೆಗಳಲ್ಲಿ ‘ಕೆನರೀಸರ’ ದಾಳಿಯ ಮಾತು ಮತ್ತೆ ಮತ್ತೆ ಬರುತ್ತದೆ. ಕೋಟೆಯ ಒಳಗೆ ನಿಂತು ನೋಡುವವನಿಗೂ ಹೊರಗೆ ನಿಂತು ನೋಡುವವನಿಗೂ ಅದೇ ಕಲ್ಲು ಬೇರೆಯಾಗಿ ಕಾಣುವುದು ಸ್ವಾಭಾವಿಕ. ಎರಡು ಭಾಷೆಗಳ ಮಕ್ಕಳು ಒಂದೇ ಅಂಗಳದಲ್ಲಿ ಆಡುವ ನಮ್ಮ ಶಾಲೆಗಳಲ್ಲಿ ಎರಡನ್ನೂ ಹೇಳಬೇಕು.

1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು 1766ರಲ್ಲಿ ಇದೇ ಕರಾವಳಿಯ ದಾರಿಯಿಂದ ಮಲಬಾರಿಗೆ ಇಳಿದನು. ಅವನ ಪಕ್ಷಕ್ಕೆ ಸೇರಿದ ಕಣ್ಣೂರಿನ ಅಲಿರಾಜನು ಆ ವರ್ಷವೇ ಬೆಟ್ಟದ ದಕ್ಷಿಣದ ಹೊಳೆಯನ್ನು ಪಳಯಂಗಾಡಿಯ ಕಡೆಯ ಹೊಳೆಗೆ ಕೂಡಿಸುವ ಒಂದು ಕಾಲುವೆಯನ್ನು ತೋಡಿಸಿದನು. ಸುಲ್ತಾನ್ ತೋಡು ಎಂದು ಅದಕ್ಕೆ ಹೆಸರು. ಇದರಿಂದಾದ ಪ್ರಯೋಜನವನ್ನು ಪಟ ನೋಡಿದರೆ ತಿಳಿಯಬಹುದು. ಸಮುದ್ರದೊಳಕ್ಕೆ ಮೂಗು ಚಾಚಿದಂತಿರುವ ಬೆಟ್ಟವನ್ನು ಸುತ್ತಿಬರುವುದು ಮಳೆಗಾಲದಲ್ಲಿ ದೋಣಿಗಳಿಗೆ ಅಸಾಧ್ಯ. ಕಾಲುವೆಯಾದ ಮೇಲೆ ಕಡಲಿಗೆ ಇಳಿಯದೆಯೇ ಒಳನೀರಿನಲ್ಲಿ ಉತ್ತರದಿಂದ ದಕ್ಷಿಣಕ್ಕೆ ಸರಕು ಸಾಗಿಸಲು ಸಾಧ್ಯವಾಯಿತು. ಇಷ್ಟು ಕಾಲ ಬೆಟ್ಟವನ್ನು ನೋಡಿಕೊಂಡು ಹೋಗುತ್ತಿದ್ದವರು ಈಗ ಅದರ ಬೆನ್ನ ಹಿಂದೆ ನುಸುಳಿ ಹೋಗುವಂತಾಯಿತು.

ಇಂಗ್ಲಿಷರ ಆಳಿಕೆಯಲ್ಲಿ ಬೆಟ್ಟವು ಮಲಬಾರ್ ಜಿಲ್ಲೆಯ ಚಿರಕ್ಕಲ್ ತಾಲೂಕಿಗೂ, ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೂ ಸೇರಿದ್ದುವು. ಎರಡೂ ಮದರಾಸು ಪ್ರಾಂತದವೇ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಾವೂ ಏಳಿಮಲೆಯೂ ಒಂದೇ ಕಣ್ಣೂರು ಜಿಲ್ಲೆಯವರಾದೆವು. 1984ರ ಮೇ 24ರಂದು ಕಾಸರಗೋಡು ಜಿಲ್ಲೆ ಪ್ರತ್ಯೇಕವಾದಾಗ ಮತ್ತೆ ಬೇರೆಯಾದೆವು. ಒಂದೇ ಜಿಲ್ಲೆಯಲ್ಲಿದ್ದ ಆ ಇಪ್ಪತ್ತೇಳು ವರ್ಷಗಳಲ್ಲಿ ಕನ್ನಡ ಶಾಲೆಗಳಿಗೆ ಏಳಿಮಲೆಯ ಪರಿಚಯ ಹೆಚ್ಚಾಗಿ ಆಗಲಿಲ್ಲವೆಂಬುದು ವಿಷಾದದ ಸಂಗತಿ. ಮನಸ್ಸು ಉತ್ತರಕ್ಕೆ ತಿರುಗಿದ್ದ ದಿನಗಳವು. ದಕ್ಷಿಣದ ಕಿಟಕಿಯನ್ನು ತೆರೆಯಲು ಮನಸ್ಸಾಗದುದನ್ನು ಅರ್ಥಮಾಡಿಕೊಳ್ಳಬಹುದು, ಆದರೆ ಅದರಿಂದ ನಷ್ಟವಾದುದು ಮಕ್ಕಳಿಗೆ.

ಈಗ ಬೆಟ್ಟವನ್ನು ಹತ್ತಿ ನೋಡೋಣವೆಂದರೆ ಅದು ಸುಲಭವಲ್ಲ. 1980ರ ದಶಕದಲ್ಲಿ ಇಲ್ಲಿಯ ಭೂಮಿಯನ್ನು ಭಾರತೀಯ ನೌಕಾಪಡೆಗಾಗಿ ಸ್ವಾಧೀನಪಡಿಸಿಕೊಳ್ಳಲಾಯಿತು. 1987ರ ಜನವರಿ 17ರಂದು ಪ್ರಧಾನಿ ರಾಜೀವ ಗಾಂಧಿಯವರು ನೌಕಾ ಅಕಾಡೆಮಿಗೆ ಅಸ್ತಿಭಾರ ಹಾಕಿದರು. 2009ರ ಜನವರಿ 8ರಂದು ಪ್ರಧಾನಿ ಮನಮೋಹನ ಸಿಂಗರು ಅದನ್ನು ಉದ್ಘಾಟಿಸಿದರು. ಸುಮಾರು 2,450 ಎಕರೆಗಳ ಆ ಆವರಣದಲ್ಲಿ ಇಂದು ನೌಕಾಪಡೆಯ ಭಾವೀ ಅಧಿಕಾರಿಗಳು ತರಬೇತು ಪಡೆಯುತ್ತಿರುವರು. ಸಾವಿರಾರು ವರ್ಷ ಪರದೇಶದ ಹಡಗುಗಳಿಗೆ ದಾರಿ ತೋರಿಸಿದ ಬೆಟ್ಟವು ನಮ್ಮದೇ ನೌಕಾಧಿಕಾರಿಗಳ ಗುರುಕುಲವಾದುದು ಔಚಿತ್ಯಪೂರ್ಣವೇ. 1502ರ ಘಟನೆಯನ್ನು ಬಲ್ಲವರು ಕಡಲಕಾವಲು ಬೇಡವೆನ್ನಲಾರರು. ಅದಕ್ಕಾಗಿ ಅಲ್ಲಿ ಬೇಸಾಯ ಮಾಡಿಕೊಂಡಿದ್ದ ಕುಟುಂಬಗಳು ಮನೆಮಾರು ಬಿಟ್ಟು ಬೇರೆಡೆಗೆ ಹೋಗಬೇಕಾಯಿತೆಂಬುದನ್ನೂ ಜೊತೆಯಲ್ಲೇ ಹೇಳಬೇಕು. ನೌಕಾಪಡೆಯ ವಶದಲ್ಲಿರುವ ಭಾಗಕ್ಕೆ ಸಾರ್ವಜನಿಕರಿಗೆ ಮುಕ್ತ ಪ್ರವೇಶವಿಲ್ಲ. ಹನುಮಂತನ ಮದ್ದಿನ ಬಳ್ಳಿಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ನಾಟಿವೈದ್ಯರ ಹಾದಿಗಳೂ ಬೇಲಿಯೊಳಗಾದುವು.

ಹೊರಗಿನಿಂದ ನೋಡುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ. 1907ರಲ್ಲಿ ಮಂಗಳೂರನ್ನು ತಲಪಿದ ರೈಲುದಾರಿಯು ಬೆಟ್ಟದ ಪೂರ್ವದಲ್ಲಿ ಹಾದುಹೋಗುತ್ತದೆ. ಪಯ್ಯನ್ನೂರಿಗೂ ಪಳಯಂಗಾಡಿಗೂ ನಡುವೆ ಏಳಿಮಲೆಯೆಂಬ ಹೆಸರಿನ ಒಂದು ಪುಟ್ಟ ನಿಲ್ದಾಣವೂ ಇದೆ. ಮಕ್ಕಳನ್ನು ಕಣ್ಣೂರಿನ ಕಡೆಗೆ ಪ್ರವಾಸ ಕರೆದೊಯ್ಯುವ ಅಧ್ಯಾಪಕರು ಕಾಸರಗೋಡಿನಲ್ಲಿ ರೈಲು ಹತ್ತುವಾಗಲೇ ಬಲಗಡೆಯ ಕಿಟಕಿಗಳ ಬಳಿ ಅವರನ್ನು ಕುಳ್ಳಿರಿಸುವುದು ಒಳ್ಳೆಯದು. ಪಯ್ಯನ್ನೂರು ದಾಟಿದೊಡನೆ ತೆಂಗಿನ ಮರಗಳ ಸಂದಿನಲ್ಲಿ, ಪಶ್ಚಿಮದ ದಿಕ್ಕಿನಲ್ಲಿ, ನೀಲಿಯಾಗಿ ಅದು ಕಾಣಿಸಿಕೊಳ್ಳುತ್ತದೆ. ಗುಡ್ಡಗಳು ನಿಜವಾಗಿಯೂ ಏಳೇ ಎಂದು ಎಣಿಸಲು ಮಕ್ಕಳು ತೊಡಗುವರು. ರೈಲು ಅಷ್ಟು ಹೊತ್ತು ಕೊಡುವುದಿಲ್ಲ.